ಮಾಡಬೀದಿಗೆ ಯಾವ ಬಣ್ಣ?

ಅಕ್ಕನ ಮಗ ಬೆಂಗಳೂರಿನಿಂದ ಚೆನ್ನೈಗೆ ಬಂದಿಳಿದ. ಬೆನ್ನಿಗೆ ಲ್ಯಾಪ್‌ಟಾಪು, ತಲೆಗೆ ಹೊಸ ಹುಳ. "ಮಾವ, ಹತ್ತಿರದ ದಾರಿ ತೋರಿಸೋ ಮ್ಯಾಪು ಬೇಕಾದಷ್ಟಿವೆ. ನನ್ನದು ಹಾಗಲ್ಲ, ನಡೆದು ಊರು ನೋಡೋರಿಗೆ ಮನಸ್ಸಿಗೆ ಹಿತವಾಗೋ ದಾರಿ. ಹಿತವಾದ ಬೀದಿಗೆ ಹಸಿರು, ಹಿಂಸೆ ಕೊಡೋದಕ್ಕೆ ಕೆಂಪು."

ಲಂಡನ್ನಿನ ಬೀದಿಗಳ ಫೋಟೊ ಜನಕ್ಕೆ ತೋರಿಸಿ, ಯಾವುದು ಚೆಂದ, ಯಾವುದು ಶಾಂತ ಅಂತ ಕೇಳಿ, ದಾನಿಯೆಲೆ ಕ್ವೆರ್ಚಿಯಾ ಮತ್ತು ಸಂಗಡಿಗರು 2014ರಲ್ಲೇ ಇಂಥ ದಾರಿ ಹುಡುಕಿದ್ದರಂತೆ. ಸುತ್ತು ಸ್ವಲ್ಪವೇ ಜಾಸ್ತಿ, ಸುಖ ಬಹಳ. ಲಂಡನ್ ಸರಿಯಪ್ಪ, ಚೆನ್ನೈನ ನಮ್ಮ ಮೈಲಾಪುರ?

ಕಪಾಲೀಶ್ವರನ ದೇವಸ್ಥಾನದ ಸುತ್ತಲಿನ ನಾಲ್ಕು ಮಾಡಬೀದಿಯಿಂದಲೇ ಶುರು ಹಚ್ಚಿದ. ದಕ್ಷಿಣ ಮಾಡಬೀದಿಗೆ ಕಾಲಿಟ್ಟ ಐದು ನಿಮಿಷಕ್ಕೆ ಕೆಂಪು ಬಳಿದ. ತರಕಾರಿ ರಾಶಿ, ಸ್ಕೂಟರಿನ ಹಾರ್ನು, ಬಾಳೆಎಲೆ ಕಟ್ಟು ಹೊತ್ತವನ ಮೊಣಕೈ ಪಕ್ಕೆಗೆ. ಸಂಜೆ ನನ್ನವಳ ಕಿವಿಗೆ ಬಿತ್ತು. "ಬೆಂಡೆಕಾಯಿ ತುದಿ ಪಟ್ ಅಂತ ಮುರಿದು ನೋಡಿ ಆರಿಸ್ಕೊಳ್ಳೋ ಬೀದಿಗೆ ಕೆಂಪೇನೋ? ಮೊದಲು ಅಳಿಸು!" ಅಳಿಸಿದ. ಮನೆಯಲ್ಲಿ ಊಟ ಆಗಬೇಕಲ್ಲ.

ಉತ್ತರ ಮಾಡಬೀದಿಗೆ ಹಳದಿಯಂತೆ. ಮಾರ್ಗಳಿ ತಿಂಗಳಲ್ಲಿ, ನಮ್ಮ ಧನುರ್ಮಾಸವೇ ಅದು, ನಸುಕಿಗೆ ಬಂದು ನೋಡು ಅಂದೆ. ನೀರು ಚಿಮುಕಿಸಿದ ಅಂಗಳದಲ್ಲಿ ರಂಗೋಲಿಯ ಚುಕ್ಕಿ ಬೀಳುತ್ತಿರುತ್ತದೆ, ಎಲ್ಲಿಂದಲೋ ಭಜನೆ. ಅದೇ ಬೀದಿಗೆ ಮೇ ತಿಂಗಳ ಕತ್ತರಿ ಬಿಸಿಲಲ್ಲಿ ಬಾ, ಚಪ್ಪಲಿಯ ರಬ್ಬರು ರಸ್ತೆಗೆ ಅಂಟುತ್ತದೆ. ಬೀದಿಯೊಂದೇ, ಬಣ್ಣ ಯಾವುದು? "ಗಡಿಯಾರಾನೂ ಸೇರಿಸಬೇಕು" ಅಂತ ಗೊಣಗಿಕೊಂಡ. ಪಂಚಾಂಗಾನೂ ಅಂದೆ.

ಮಾರನೇ ದಿನ ಪಾಂಡಿ ಬಜಾರು. 2019ರಲ್ಲಿ ಅಗಲ ಮಾಡಿದ ಕಾಲುದಾರಿ, ಕೂರಲು ಬೆಂಚು. ಹುಡುಗ ಕುಣಿದು ಹಸಿರು ಬಳಿದ. ಅಲ್ಲಿಂದ ರಂಗನಾಥನ್ ಬೀದಿಗೆ ಕರೆದೊಯ್ದೆ. ಅಲ್ಲಿ ನಡೆಯೋ ಕೆಲಸ ನಮ್ಮದಲ್ಲ, ಹಿಂದಿನವರೇ ಮಾಡಿಕೊಡ್ತಾರೆ. ಆ ಕಡೆಯ ತುದಿಗೆ ಬಿದ್ದಾಗ ಅವನ ಕೈಯಲ್ಲಿ ಎರಡು ಸ್ಟೀಲ್ ಡಬ್ಬಿ. ಯಾವಾಗ ಕೊಂಡನೋ ಅವನಿಗೇ ಗೊತ್ತಿಲ್ಲ. ಮುಖ ಮಾತ್ರ ಅರಳಿತ್ತು. ಕೆಂಪೋ ಹಸಿರೋ ಅಂತ ಕೇಳಿದರೆ ಮಾತಿಲ್ಲ.

ಹೊರಡುವ ದಿನ ಹನ್ನೊಂದೂವರೆಗೆ ಕಪಾಲೀಶ್ವರನ ದರ್ಶನ ಅಂದ. ಚಪ್ಪಲಿ ಹೊರಗೆ. ಪ್ರಾಕಾರದ ಕಲ್ಲು ಕಾದ ಕಾವಲಿ. ಅಲ್ಲಿ ಹಾಸಿದ್ದ ನಾರಿನ ಚಾಪೆಯ ಮೇಲೇ ನಾನು ನಿಧಾನಕ್ಕೆ ಹೋದೆ. ಅವನು ಫೋನು ನೋಡುತ್ತಾ ನೇರ ಕಲ್ಲಿಗೇ ಇಳಿದ. ಮುಂದೆ ನಡೆದದ್ದು ಪ್ರದಕ್ಷಿಣೆಯಲ್ಲ, ಭರತನಾಟ್ಯ. ಪುನ್ನೆ ಮರದ ನೆರಳಲ್ಲಿ ಒಂಟಿ ಕಾಲಲ್ಲಿ ನಿಂತು ಅಂಗಾಲಿಗೆ ಉಫ್ ಅಂತ ಊದಿಕೊಳ್ಳುತ್ತಾ ಕೇಳಿದ: "ಮಾವ, ಆ ಚಾಪೆ ಎಲ್ಲೆಲ್ಲಿ ಹಾಸಿದ್ದಾರೆ?"