ನನಗಲ್ಲ, ನಿನಗೆ

ಮನೆಯಲ್ಲಿ ಒಬ್ಬಳು ಸ್ವಯಂಸೇವಕಿ ಹುಟ್ಟಿಕೊಂಡರೆ ಉಳಿದವರೆಲ್ಲ ಸೇವಕರಾಗಬೇಕು. ಮಗಳು ಕಾಲೇಜಿನ ಎನ್ನೆಸ್ಸೆಸ್ ಸೇರಿ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನ ಮಕ್ಕಳಿಗೆ ಪಾಠ ಹೇಳಿಕೊಡಲು ಹೊರಟಾಗಿನಿಂದ ನಾನು ನಸುಕಿನಲ್ಲೆದ್ದು ಕಾಫಿ ಸೋಸುತ್ತೇನೆ, ನನ್ನಾಕೆ ಪುಳಿಯೋಗರೆ ಕಲಸುತ್ತಾಳೆ, ಅತ್ತೆಯವರು ನಿದ್ದೆ ಕೆಟ್ಟಿತೆಂದು ಗೊಣಗುತ್ತಾರೆ. 1969ರಲ್ಲಿ ಶುರುವಾದ ಆ ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಇದನ್ನು ನಮ್ಮ ಮಗಳಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ. ತಿಂದ ತಟ್ಟೆ, ಕುಡಿದ ಲೋಟ, ಬಿಚ್ಚಿಟ್ಟ ಸಾಕ್ಸು, ಯಾವುದೂ ಅವಳಿಗಲ್ಲ. ಎಲ್ಲ ನನಗೇ.

ಊರಿನ ಹಿನ್ನೆಲೆ ಗೊತ್ತಿರಲಿ ಎಂದು ರಾತ್ರಿ ಊಟಕ್ಕೆ ಕೂತಾಗ ನಾನೊಂದು ಉಪನ್ಯಾಸ ಕೊಟ್ಟೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲೇ ಶಿವನಸಮುದ್ರದ ಕರೆಂಟು ಗಣಿಗೆ ಹರಿದದ್ದು, ಬೆಂಗಳೂರಿನ ಬೀದಿ ದೀಪಗಳು ಅದಕ್ಕಾಗಿ 1905ರವರೆಗೆ ಕಾದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, ಕಡೆಗೆ 2001ರ ಫೆಬ್ರುವರಿ 28ರಂದು ಎಲ್ಲಕ್ಕೂ ಬೀಗ ಬಿದ್ದದ್ದು. ನಾನು ಬೀಗ ಹಾಕುವ ಹೊತ್ತಿಗೆ ಕೇಳುಗರಲ್ಲಿ ಉಳಿದಿದ್ದವರು ಅತ್ತೆಯವರೊಬ್ಬರೇ. ಅವರಿಗೆ ಕಿವಿ ಕೇಳಿಸುವುದಿಲ್ಲ.

ಸಮಾಜಸೇವೆಯ ಗಾಳಿ ನನ್ನಾಕೆಗೂ ಸೋಕಿ, ಅಟ್ಟದ ಸಾಮಾನು ಕೆಳಗಿಳಿಯಿತು. ಸ್ಟ್ರೈಕರ್ ಇಲ್ಲದ ಕೇರಂ ಬೋರ್ಡು, ಜಿಪ್ಪು ಕಿತ್ತ ಸ್ಕೂಲ್ ಬ್ಯಾಗು, ಮಗಳೇ ಉತ್ತರ ತುಂಬಿಸಿ ಮುಗಿಸಿದ್ದ ಅಭ್ಯಾಸ ಪುಸ್ತಕ, ನನ್ನ ಮದುವೆಯ ಸೂಟು. “ಪಾಪ, ಯಾರಿಗಾದ್ರೂ ಆಗುತ್ತೆ ಕಣ್ರೀ” ಎಂದಳು. ನಿಮಗಂತೂ ಆಗುವುದಿಲ್ಲ ಎಂಬ ಮಾತನ್ನು ನುಂಗಿಕೊಂಡಳು.

ಮೊದಲ ಸಲ ಹೋಗಿಬಂದ ಮಗಳ ಮುಖ ಸಪ್ಪಗಿತ್ತು. ಗಣಿ ಮುಚ್ಚಿದ ಊರು, ಸೊರಗಿದ ಮಕ್ಕಳು, ತಾವು ಕಾಲಿಟ್ಟೊಡನೆ ಅವರ ಕಣ್ಣಲ್ಲಿ ಬೆಳಕು ಎಂದೆಲ್ಲ ಅಂದುಕೊಂಡು ಹೋದ ತಂಡವದು. ಮಕ್ಕಳು ಕೇಳಿದ ಮೊದಲ ಪ್ರಶ್ನೆಯೇ, “ಅಕ್ಕಾ, ನೀವೆಷ್ಟು ವಾರ ಬರ್ತೀರ? ಹೋದ ವರ್ಷದವ್ರು ಮೂರೇ ವಾರಕ್ಕೆ ನಿಂತುಬಿಟ್ರು.” ಆ ಮಕ್ಕಳಿಗೆ ಮನೆಯಲ್ಲಿ ತಮಿಳು, ಪಕ್ಕದ ಲೈನಿನಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಗಳು ಬೋರ್ಡಿನ ಮೇಲೆ ಬರೆದ ಕನ್ನಡದಲ್ಲಿ ಒತ್ತಕ್ಷರದ ತಪ್ಪು ಹಿಡಿದವನು ತಮಿಳು ಮನೆಯ ಹುಡುಗ. ಸೈನೈಡ್ ಗುಡ್ಡದ ಮುಂದೆ ತಂಡದವರು ಸಿನಿಮಾ ಹೀರೋ ಥರ ನಿಂತು ಫೋಟೋ ತೆಗೆಸಿಕೊಂಡಾಗಲೂ ಮಕ್ಕಳು ಆಕಳಿಸಿದರಂತೆ. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದಾಗಿನಿಂದ ಊರಿಗೆ ಬಂದವರೆಲ್ಲ ಕೊಡುವುದು ಅದೇ ಪೋಸು.

“ನಿಮಗೆ ಮಕ್ಕಳನ್ನು ಪಳಗಿಸೋದು ಗೊತ್ತಿಲ್ಲ, ನಾನು ಬರ್ತೀನಿ” ಎಂದೆ. ಕೇರಂ ಬೋರ್ಡು ಹೊರಲು ಆಳು ಬೇಕಾಗಿದ್ದರಿಂದ ಮಗಳು ಒಪ್ಪಿದಳು.

ಬೆಳಿಗ್ಗೆ ಕೆಜಿಎಫ್‌ನ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಬರುವ ಗಾಡಿಗಳಲ್ಲಿ ಕಾಲೂರಲು ಜಾಗವಿರುವುದಿಲ್ಲ. ಆ ಕಡೆ ಹೋಗುವುದರಲ್ಲಿ ಮಲಗಿಕೊಂಡೇ ಹೋಗಬಹುದು. ಗಣಿ ನಿಂತ ಮೇಲೆ ಸಾವಿರಾರು ಜನ ಹೊಟ್ಟೆಪಾಡಿಗೆ ದಿನಾ ಸುಮಾರು ನೂರು ಕಿಲೋಮೀಟರ್ ದಾಟಿ ನಮ್ಮೂರಿಗೆ ಬರುತ್ತಾರೆ. ಅವರು ಬಂದು ನಮ್ಮ ಅಂಗಡಿ, ಆಫೀಸು, ಗೇಟು ನೋಡಿಕೊಳ್ಳುತ್ತಾರೆ. ನಾವು ಖಾಲಿ ಗಾಡಿಯಲ್ಲಿ ಕಾಲು ಚಾಚಿಕೊಂಡು ಅವರ ಮಕ್ಕಳ ಉದ್ಧಾರಕ್ಕೆ ಹೋಗುತ್ತೇವೆ.

ತರಗತಿಯಲ್ಲಿ ನಾನು ಗಂಟಲು ಸರಿಮಾಡಿಕೊಂಡು ಒಂದು ಲೆಕ್ಕ ಕೊಟ್ಟೆ. “ಗಂಟೆಗೆ 50 ಕಿಲೋಮೀಟರ್ ಓಡುವ ರೈಲು ಬೆಂಗಳೂರು ಬಿಟ್ಟರೆ 100 ಕಿಲೋಮೀಟರ್ ದೂರದ ಊರು ಮುಟ್ಟಲು ಎಷ್ಟು ಹೊತ್ತು ಬೇಕು?”

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದಳು. “ಬಂಗಾರಪೇಟೆಯಲ್ಲಿ ಎಷ್ಟೊತ್ತು ನಿಲ್ಸಿದ್ರು ಅಂತ ಹೇಳ್ಲೇ ಇಲ್ವಲ್ಲ ಅಂಕಲ್?”

ನಿಲ್ಲಿಸುವುದಿಲ್ಲ, ಎರಡು ಗಂಟೆ ಸಾಕು ಎಂದೆ. ಇಡೀ ಕ್ಲಾಸು ನಕ್ಕಿತು. “ನಮ್ಮಪ್ಪ ಯಾವತ್ತೂ ಎರಡು ಗಂಟೇಲಿ ಬಂದಿಲ್ಲ” ಎಂದು ಆಕೆ ತೀರ್ಪು ಕೊಟ್ಟು ಕೂತಳು. ಸಂಜೆಯ ಗಾಡಿಗಳ ವೇಳೆಯೆಲ್ಲ ಅವಳಿಗೆ ಬಾಯಿಪಾಠ. ವೈಟ್‌ಫೀಲ್ಡ್ ದಾಟಿದೆ ಎಂದು ಅಪ್ಪನ ಫೋನು ಬಂದರೆ ಅಮ್ಮ ಒಲೆ ಹಚ್ಚುತ್ತಾಳೆ. ಗಣಿತದ ಪುಸ್ತಕ ಬರೆದವರು ಆ ಗಾಡಿಯಲ್ಲಿ ಓಡಾಡಿದವರಲ್ಲ ಬಿಡಿ.

ಊಟದ ಹೊತ್ತಿಗೆ ಗಾಳಿ ಎದ್ದಿತು. ಚಿನ್ನ ತೆಗೆದು ಉಳಿದ ಪುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಸುರಿದೂ ಸುರಿದೂ ಆದವು ಆ ಸೈನೈಡ್ ಗುಡ್ಡಗಳು. ಗಾಳಿ ಬೀಸಿದರೆ ದೂಳು ಮನೆ, ಬಾವಿ, ತಟ್ಟೆ ಎಲ್ಲಕ್ಕೂ ಬರುತ್ತದೆ. ಮಳೆ ಬಂದರೆ ನಾವು ಕೊಡೆ ಬಿಚ್ಚಿದಷ್ಟೇ ಸಲೀಸಾಗಿ ಮಕ್ಕಳು ಡಬ್ಬಿ ಮುಚ್ಚಿಕೊಂಡವು. ನಾನು ಗಣಿಯೊಳಗಿನ ಕಲ್ಲುಸ್ಫೋಟ, ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಅಂತೆಲ್ಲ ವಿವರಿಸುತ್ತ ಡಬ್ಬಿ ತೆರೆದಿಟ್ಟುಕೊಂಡೇ ಕೂತಿದ್ದೆ. “ತಾತನಿಗೂ ಅದೇ ಕೆಮ್ಮು ಇತ್ತು. ಮೊದ್ಲು ಮುಚ್ಚಿ ಅಂಕಲ್” ಎಂದು ಒಬ್ಬ ಹುಡುಗ ಬಂದು ತಾನೇ ಮುಚ್ಚಳ ಹಾಕಿದ. ಆಮೇಲೆ ನಾನು ಏನನ್ನೂ ವಿವರಿಸಲಿಲ್ಲ.

ಮಗಳು ಮೂರು ವಾರದ ಗಡಿ ದಾಟಿದ್ದಾಳೆ. ಮಕ್ಕಳ ಅಭಿಪ್ರಾಯ: ಅಕ್ಕನ ಪಾಠ ಪರವಾಗಿಲ್ಲ, ಅಕ್ಕನ ಅಮ್ಮನ ಪುಳಿಯೋಗರೆ ಚೆನ್ನಾಗಿದೆ, ಅಂಕಲ್ ಬರದಿದ್ದರೂ ನಡೆಯುತ್ತದೆ. ಅಟ್ಟದ ಸಾಮಾನಿನಲ್ಲಿ ಕೇರಂ ಬೋರ್ಡೊಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಮರ್ಯಾದೆಯಿಂದ ವಾಪಸ್ ಕಳಿಸಿದ್ದಾರೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ ಒಂದು ಹೊಸ ಸ್ಟ್ರೈಕರ್ ಕೊಂಡೊಯ್ಯಿರಿ. ಸೂಟು ಮಾತ್ರ ಬೇಡ.