ಸೀಗಡಿಗಳ ಶುಶ್ರೂಷೆ
ಪಾಚಿಯ ಮೇಲೆ ನನಗೆ ಜನ್ಮತಃ ದ್ವೇಷವೇನೂ ಇಲ್ಲ. ಆದರೆ ನಮ್ಮ ಹಜಾರದ ನಲವತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ, ಕೆಂಪು ಚೆರ್ರಿ ಸೀಗಡಿಗಳು ಸಪರಿವಾರವಾಗಿ ವಿಹರಿಸುವ ಮರದ ಬೊಡ್ಡೆಯ ಮೇಲೆ, ಕಪ್ಪು ಪಾಚಿಯು ದೂರ್ವಾಸರ ಗಡ್ಡದಂತೆ ಇಳಿಬಿದ್ದಾಗ, ಕ್ಷೌರಕ್ಕೆ ಕೈಹಾಕದೆ ಗತ್ಯಂತರವಿರಲಿಲ್ಲ. ಅಂಗಡಿಯ ಪಾಚಿನಾಶಕಗಳಲ್ಲಿ ಹಲವಕ್ಕೆ ತಾಮ್ರವೇ ಜೀವಾಳ. ಆ ತಾಮ್ರವೋ, ಸೀಗಡಿಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಧಾತುವೇ ಆಗಿದ್ದರೂ, ನೀರಿನಲ್ಲಿ ಕರಗಿ ಬಂದರೆ ಅದಕ್ಕೆ ಮೃತ್ಯು. ಆದಕಾರಣ ನಾನು ಶರಣಾದದ್ದು ಹೈಡ್ರೋಜನ್ ಪೆರಾಕ್ಸೈಡಿಗೆ: 1818ರಲ್ಲಿ ಫ್ರಾನ್ಸಿನ ತೆನಾರ್ ಎಂಬ ರಸಾಯನಜ್ಞನು ಕಂಡುಹಿಡಿದ, ಪಾಚಿಯನ್ನು ಸುಟ್ಟು ತಾನು ಬರಿಯ ನೀರೂ ಆಮ್ಲಜನಕವೂ ಆಗಿ ಅಳಿದುಹೋಗುವ ದ್ರವಕ್ಕೆ.

“ಗಾಯ ಎಲ್ಲಾಗಿದೆ ಅಂಕಲ್?” ಎಂದನು ಔಷಧದಂಗಡಿಯ ಹುಡುಗ. “ಸೀಗಡಿಗೆ” ಎಂದೆನು. ಮುಂದೆ ಅವನೇನೂ ಕೇಳಲಿಲ್ಲ.

ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವ ಮಿತಿಯು, 3%ರ ದ್ರಾವಣವಾದರೆ ನಾಲ್ಕು ಲೀಟರ್ ನೀರಿಗೆ ಒಂದು ಮಿಲಿಲೀಟರ್. ನಮ್ಮ ಅಂಗಡಿಗಳಲ್ಲಿ ಸಿಕ್ಕುವುದು ಅನೇಕವೇಳೆ 6%ರದು, ಅಂದರೆ ‘20 ವಾಲ್ಯೂಮ್’ನದು, ಆಗ ಅದರರ್ಧ. ಭೀರುವಾದ ನಾನು ಆ ಅರ್ಧವನ್ನೂ ಅರ್ಧಿಸಿ, ಎರಡೂವರೆ ಮಿಲಿಲೀಟರನ್ನು ಸೂಜಿಯಿಲ್ಲದ ಸಿರಿಂಜಿಗೆ ಎಳೆದುಕೊಂಡು, ಔಷಧವು ಪಾಚಿಯ ಮೇಲೆಯೇ ನಿಲ್ಲಲೆಂದು ಫಿಲ್ಟರನ್ನು ನಿಲ್ಲಿಸಿ, ತೋಳು ಮಡಿಚಿ, ಕನ್ನಡಕವೇರಿಸಿ, ಮಡದಿಯ ಕೈಗೆ ಟಾರ್ಚನ್ನಿತ್ತು, ಶಸ್ತ್ರವೈದ್ಯನ ಗಾಂಭೀರ್ಯದಿಂದ ನೀರಿನೊಳಕ್ಕೆ ಕೈಯಿಳಿಸಿದೆನು.

ಪ್ರತಿನಿತ್ಯ ಬೆಂದ ಪಾಲಕ್ ಸೊಪ್ಪನ್ನು ತರುವ ಹಸ್ತವಿದೆಂದು ಬಲ್ಲ ಸೀಗಡಿಗಳು ಕ್ಷಣಾರ್ಧದಲ್ಲಿ ನೆರೆದವು. ಅವುಗಳಲ್ಲೊಬ್ಬಳು, ಹೊಟ್ಟೆಯಡಿಯಲ್ಲಿ ಹಳದಿ ಮೊಟ್ಟೆಗಳನ್ನು ಹೊತ್ತ ಮಾನ್ಯೆ, ಸಿರಿಂಜಿನ ತುದಿಯನ್ನೇ ಏರಿ ಕುಳಿತು, ಮುಖಪ್ರಕ್ಷಾಲನಕ್ಕೆ ತೊಡಗಿದಳು. ನಾನು ಸಿರಿಂಜನ್ನು ಎಡಕ್ಕೆ ಸರಿಸಿದೆನು; ಆಕೆಯೂ ಸರಿದಳು. ಮೆಲ್ಲನೆ ಅಲುಗಿಸಿದೆನು, ಉಯ್ಯಾಲೆಯೆಂದು ಭಾವಿಸಿದಳೋ ಏನೋ, ಮತ್ತಷ್ಟು ಭದ್ರವಾಗಿ ಹಿಡಿದಳು. “ತಾಯೀ, ದಯಮಾಡಿ ತುಸು ಸರಿಯಬೇಕು” ಎಂದು ಗಟ್ಟಿಯಾಗಿಯೇ ಬೇಡಿಕೊಂಡೆನು. ತೋಳು ಜೋಮು ಹಿಡಿಯಿತು, ಟಾರ್ಚಿನ ಬೆಳಕು ನಗೆಯಿಂದ ನಡುಗಿತು. ಮೊಟ್ಟೆ ಹೊತ್ತ ಸ್ತ್ರೀಯನ್ನು ಬಲಾತ್ಕಾರವಾಗಿ ತಳ್ಳಲು ಮಾತ್ರ ನನ್ನ ಸಂಸ್ಕಾರ ಒಪ್ಪಲೊಲ್ಲದು. “ರೋಗಿಯ ಅಪ್ಪಣೆ ಆಗಲಿಲ್ಲವೇನು, ಡಾಕ್ಟರೇ?” ಎನ್ನುತ್ತ ಮಡದಿಯು ಒಂದು ಪಾಲಕ್ ಎಲೆಯನ್ನು ತೊಟ್ಟಿಯ ಆಚೆಯ ಮೂಲೆಗೆ ಬಿಟ್ಟಳು. ಸಭೆ ಬರಖಾಸ್ತಾಯಿತು, ಮಾನ್ಯೆಯೂ ಹೊರಟುಹೋದಳು.

ಆಮೇಲಿನದು ಸುಲಭ. ಹನಿಹನಿಯಾಗಿ ಬಿಟ್ಟೆನು, ಗುಳ್ಳೆಗಳೆದ್ದವು, ಹತ್ತು ನಿಮಿಷದ ನಂತರ ಫಿಲ್ಟರು ಮತ್ತೆ ಓಡಿತು. ಪಾಚಿ ಕೆಲವು ದಿನಗಳಲ್ಲಿ ಕೆಂಪಾಗಿ, ಬೆಳ್ಳಗಾಗಿ, ಕಡೆಗೆ ಸೀಗಡಿಗಳಿಗೇ ಉಪಾಹಾರವಾಯಿತು.

“ಇಷ್ಟೆಲ್ಲ ಅಳತೆ ಏತಕ್ಕೆ? ಒಂದು ಮುಚ್ಚಳ ಸುರಿದುಬಿಡಿ” ಎಂಬ ಹಿತೈಷಿಗಳಿದ್ದಾರೆ. ಯಾವ ಬಾಟಲಿಯ ಮುಚ್ಚಳ, ಎಷ್ಟು ನೀರಿಗೆ ಎಂದು ಕೇಳಿದರೆ ಅವರಿಗೆ ಕೋಪ. ಮಾತ್ರೆ ಮೀರಿದರೆ ಪಾಚಿಯನ್ನು ಸುಡುವ ದ್ರವವೇ ಕಿವಿರುಗಳನ್ನೂ ಸುಡುತ್ತದೆ. ಸೀಗಡಿಗೆ ಕೂಗಲು ಬಾಯಿಲ್ಲ, ಮಗ್ಗುಲಾಗಿ ಬೀಳುತ್ತದೆ, ಅಷ್ಟೇ.

ಹಬ್ಬಕ್ಕೆ ಬಂದ ಭಾವಮೈದುನನು ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಅದು ಸರಿ ಭಾವ, ಹುರಿಯುವುದು ಯಾವಾಗ?” ಎಂದನು. ಅವನಂಥವರ ಅವಗಾಹನೆಗಾಗಿ ತಿಳಿಸುತ್ತೇನೆ: ಚೆರ್ರಿ ಸೀಗಡಿ ಪೂರ್ಣವಾಗಿ ಬೆಳೆದರೂ ಸಾಮಾನ್ಯವಾಗಿ ಮೂರು ಸೆಂಟಿಮೀಟರು, ಒಗ್ಗರಣೆಯ ಎಣ್ಣೆಯೂ ದಂಡ.