ಸೆಟ್ ಶಬ್ದಾರ್ಥ ನಿರ್ಣಯ

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ 'ಸೆಟ್' ಎಂಬ ಶಬ್ದವೊಂದಿದೆ. 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿ ಇದಕ್ಕೆ 430 ಅರ್ಥಗಳನ್ನು ಕೊಟ್ಟು, ಸುಮಾರು 60,000 ಪದಗಳ ವಿವರಣೆ ಬರೆದಿದೆ. ಒಂದು ಶಬ್ದದ ಅರ್ಥ ತಿಳಿಸಲು ಒಂದು ಕಾದಂಬರಿಯಷ್ಟು ಬರೆಯಬೇಕಾಗಿ ಬಂದರೆ ಅದು ಭಾಷೆಯ ಸಂಪತ್ತೋ ದಾರಿದ್ರ್ಯವೋ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. (ದಾರಿದ್ರ್ಯವೆಂದೇ ನಮ್ಮ ಅಭಿಪ್ರಾಯ.) ಈಚೆಗೆ 'ರನ್' ಎಂಬ ಶಬ್ದ 645 ಅರ್ಥ ಬಾರಿಸಿ ಸೆಟ್ಟನ್ನು ಹಿಂದಿಕ್ಕಿದೆಯಂತೆ. ಹೆಚ್ಚು ರನ್ ಬಂದ ಕಡೆಯವರು ಗೆಲ್ಲುವುದು ಸಹಜವಾದ್ದರಿಂದ ಅದನ್ನಿಲ್ಲಿ ಚರ್ಚಿಸುವುದಿಲ್ಲ. ನಮ್ಮ ತಕರಾರು ಬೇರೆ. ಆಕ್ಸ್‌ಫರ್ಡಿನಲ್ಲಿ ಕೂತು ಎಣಿಸಿದವರ ಕಣ್ಣಿಗೆ ನಮ್ಮ ಸೆಟ್ ದೋಸೆ ಬೀಳುವಂತಿರಲಿಲ್ಲ. ಆದಕಾರಣ ಎಣಿಕೆ ಅಪೂರ್ಣ.

ಮೊದಲು ವ್ಯುತ್ಪತ್ತಿ. ಪಂಡಿತರ ಪ್ರಕಾರ ಸೆಟ್ ಒಂದಲ್ಲ, ಎರಡು. ಇಡು, ನೆಲೆಗೊಳಿಸು ಎಂಬ ಅರ್ಥದ ಕ್ರಿಯಾಪದ ಹಳೆಯ ಇಂಗ್ಲಿಷಿನ 'ಸೆಟ್ಟನ್'ನಿಂದ ಇಳಿದು ಬಂದದ್ದು. ಇದು 'ಸಿಟ್' ಎಂಬುದರ ಪ್ರೇರಣಾರ್ಥಕ ರೂಪ. ಎಂದರೆ ತಾನು ಕೂತರೆ ಸಿಟ್, ಇನ್ನೊಬ್ಬರನ್ನು ಕೂರಿಸಿದರೆ ಸೆಟ್. ಗುಂಪು ಎಂಬ ಅರ್ಥದ ನಾಮಪದದ ಗೋತ್ರವೇ ಬೇರೆ. ಅದು ಲ್ಯಾಟಿನ್ನಿನ 'ಸೆಕ್ಟಾ'ದಿಂದ ಹೊರಟು ಹಳೆಯ ಫ್ರೆಂಚನ್ನು ಹಾದು ಬಂತು. ಹೀಗೆ ಎರಡು ಮನೆತನದವರು ಒಂದೇ ಕಾಗುಣಿತದಲ್ಲಿ ಬಿಡಾರ ಹೂಡಿದ್ದಾರೆ.

ಇದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ಸೆಟ್ಟಿನ ಮೂಲ ಕನ್ನಡದ 'ಸೆಟೆ' ಧಾತು. ಗಾರೆಯವರು ಸಿಮೆಂಟು ಸೆಟ್ ಆಯಿತು ಎಂದರೆ ಅದು ಸೆಟೆಯಿತು ಎಂದೇ ಅರ್ಥ. ಕೂದಲಿಗೆ ಜೆಲ್ ಹಚ್ಚಿ ಸೆಟ್ ಮಾಡಿಕೊಂಡ ಹುಡುಗನ ತಲೆ ಮುಟ್ಟಿ ನೋಡಿ, ಸೆಟೆದೇ ಇರುತ್ತದೆ. ಧ್ವನಿಯೂ ಕೂಡಿತು, ಅರ್ಥವೂ ಕೂಡಿತು. ಇದಕ್ಕಿಂತ ಕಡಿಮೆ ಆಧಾರದ ಮೇಲೆ ಸ್ಥಳಪುರಾಣ ಕಟ್ಟಿ ಜಾತ್ರೆ ನಡೆಸುವ ಊರುಗಳು ನಮ್ಮಲ್ಲಿವೆ. ಆದರೆ ಸೆಟ್ ಮಾರುವವನೇ ಸೆಟ್ಟಿ ಎಂದು ವಾದಿಸುವವರನ್ನು ನಾವು ಖಂಡಿಸುತ್ತೇವೆ. 'ಸೆಟ್ಟಿ' 'ಶ್ರೇಷ್ಠಿ'ಯ ತದ್ಭವವೆಂದು ಶಾಲೆಯ ವ್ಯಾಕರಣದಲ್ಲೇ ಇದೆ. ಸಂಶೋಧನೆಗೆ ಒಂದು ಶಿಸ್ತು ಬೇಡವೆ?

ಶಬ್ದ ಕನ್ನಡದ್ದೇ ಎಂಬುದಕ್ಕೆ ಇನ್ನೊಂದು ಪ್ರಬಲ ಸಾಕ್ಷಿ ಸಿನಿಮಾ ಪುಟದಲ್ಲಿ ಸಿಗುತ್ತದೆ. ಸೆಟ್ಟು ಪ್ಲಸ್ ಏರು, ಸೆಟ್ಟೇರು, ಲೋಪಸಂಧಿ. ಇಂಗ್ಲಿಷಿನವರಿಗೆ ಸೆಟ್ ನಡೆದು ಹೋಗುವ ಜಾಗ. ನಮಗೆ ಅದು ಸಿಂಹಾಸನದಂತೆ, ಹಸೆಮಣೆಯಂತೆ ಏರುವ ಜಾಗ. ಒಂದೂ ಸೆಟ್ ಹಾಕದೆ ಸಕಲೇಶಪುರದ ಕಾಡಿನಲ್ಲೇ ಮುಗಿಯುವ ಚಿತ್ರವೂ ಪತ್ರಿಕೆಗಳಲ್ಲಿ ಸೆಟ್ಟೇರಿಯೇ ತೀರುತ್ತದೆ. ಏರಿದ್ದು ಇಳಿಯಿತೋ ಇಲ್ಲವೋ ಎಂಬ ಸುದ್ದಿ ಮಾತ್ರ ಎಷ್ಟೋ ಸಲ ಬರುವುದಿಲ್ಲ.

ಈಗ ಪ್ರಧಾನ ವಿಷಯಕ್ಕೆ, ಎಂದರೆ ದೋಸೆಗೆ ಬರೋಣ. ಗಣಿತದಲ್ಲಿ ಸೆಟ್ಟಿಗೆ ಕನ್ನಡ ಪಠ್ಯಗಳು 'ಗಣ' ಎನ್ನುತ್ತವೆ. ಛಂದಸ್ಸಿನಲ್ಲೂ ಗಣ ಉಂಟು. ನಾಗವರ್ಮನ ಛಂದೋಂಬುಧಿ ಹೇಳುವ ಅಂಶಗಣಗಳಲ್ಲಿ ಎರಡು ಅಂಶವಿದ್ದರೆ ಬ್ರಹ್ಮಗಣ, ಮೂರಿದ್ದರೆ ವಿಷ್ಣುಗಣ, ನಾಲ್ಕಿದ್ದರೆ ರುದ್ರಗಣ. ಸೆಟ್ಟಿನಲ್ಲಿ ಎಷ್ಟು ದೋಸೆ ಇರಬೇಕೆಂಬ ವಿವಾದ ಇಲ್ಲಿಗೆ ಬಗೆಹರಿಯಿತು. ಎರಡೇ ಇಟ್ಟು ಕೈತೊಳೆದುಕೊಳ್ಳುವ ಹೋಟೆಲು ಬ್ರಹ್ಮಗಣದ್ದು. ಮೂರು ಕೊಡುವುದು ವಿಷ್ಣುಗಣ. ಪಾಲನೆ ಪೋಷಣೆಗೆ ಇದೇ ಯೋಗ್ಯ. ನಾಲ್ಕು ಕೊಡುವ ರುದ್ರಗಣದ ಹೋಟೆಲು ಕಂಡವರು ದಯವಿಟ್ಟು ವಿಳಾಸ ತಿಳಿಸಬೇಕು. ಸೆಟ್ ದೋಸೆ ಗುರು, ನೀರು ದೋಸೆ ಲಘು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗಣಿತದ ಗಣವನ್ನು ಹೋಟೆಲಿಗೆ ತಂದರೆ ಅನಾಹುತವಿದೆ. ಜರ್ಮನಿಯ ಗೆಯೋರ್ಗ್ ಕ್ಯಾಂಟರ್ 1874ರಲ್ಲಿ ಪ್ರಕಟಿಸಿದ ಲೇಖನದಿಂದ ಗಣ ಸಿದ್ಧಾಂತ ಹುಟ್ಟಿತೆನ್ನುತ್ತಾರೆ. ಆ ಸಿದ್ಧಾಂತದಲ್ಲಿ ಒಂದು ಗಣದೊಳಗೆ ಅದೇ ಅಂಶ ಎಷ್ಟು ಸಲ ಬಂದರೂ ಲೆಕ್ಕಕ್ಕೆ ಒಂದೇ. ಅಲ್ಲಿಗೆ ಒಂದೇ ತೆರನಾದ ಮೂರು ದೋಸೆಗಳ ಸೆಟ್ಟಿನಲ್ಲಿರುವುದು ಒಂದು ದೋಸೆ! ಈ ತತ್ತ್ವ ಗಿರಾಕಿಗೆ ಗೊತ್ತಾದರೆ ಒಂದು ದೋಸೆಯ ದುಡ್ಡಿಟ್ಟು ಎದ್ದುಹೋಗುತ್ತಾನೆ. ಮಾಲೀಕರಿಗೆ ಗೊತ್ತಾದರೆ ಒಂದೇ ದೋಸೆ ಕೊಟ್ಟು ಸೆಟ್ ಎಂದು ಬರೆದುಕೊಳ್ಳುತ್ತಾರೆ. ಪರಿಹಾರವೂ ದೋಸೆಯಲ್ಲೇ ಇದೆ. ಮೇಲಿನದು ಬಿಸಿ, ನಡುವಿನದು ಮೆತ್ತಗೆ, ಅಡಿಯದು ಚಟ್ನಿಯಲ್ಲಿ ನೆಂದದ್ದು. ಮೂರೂ ಭಿನ್ನ, ಆದ್ದರಿಂದ ಮೂರೂ ಲೆಕ್ಕಕ್ಕುಂಟು. ಇಂಥ ಗಣಕ್ಕೆ ಎಂಟು ಉಪಗಣಗಳಿದ್ದು ಅವುಗಳಲ್ಲಿ ಒಂದು ಶೂನ್ಯ ಗಣ. ಆ ಶೂನ್ಯವನ್ನು ಹೋಟೆಲಿನವರು 'ಖಾಲಿ ದೋಸೆ' ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಮಾರುತ್ತಾರೆ. ಸೊನ್ನೆಗೂ ದರಪಟ್ಟಿಯಲ್ಲಿ ಜಾಗ ಕೊಟ್ಟವರು, ಅದಕ್ಕೂ ಪಲ್ಯ ಕೇಳಿದರೆ ಮುಖ ಸಿಂಡರಿಸುವವರು, ಇನ್ನೆಲ್ಲಾದರೂ ಇದ್ದಾರೆಯೆ?

ಪಂಪ್‌ಸೆಟ್ಟಿನದು ಇದಕ್ಕೆ ವಿರುದ್ಧವಾದ ಕತೆ. ತೋಟದಲ್ಲಿರುವುದು ಒಂದೇ ಪಂಪು, ಹೆಸರು ಮಾತ್ರ ಸೆಟ್. ಟೀವಿ ಸೆಟ್ಟೂ ಹಾಗೆಯೇ. ಇವು ಏಕಾಂಶ ಗಣಗಳು. 10 ಎಚ್‌ಪಿವರೆಗಿನ ಐಪಿ ಸೆಟ್ಟಿಗೆ ಕರ್ನಾಟಕ ಸರ್ಕಾರ ಪುಕ್ಕಟೆ ಕರೆಂಟು ಕೊಡುತ್ತದೆ. ಸೆಟ್ ದೋಸೆಗೆ ಏನೂ ಕೊಡುವುದಿಲ್ಲ. ಮುಂದಿನ ಮಾತು ನಮ್ಮದಲ್ಲ, ಆರ್ಥಿಕ ಇಲಾಖೆಯದು.

ಪರ್ಯಾಯ ಪದಗಳೊಡನೆ ಹೋಲಿಸಿ ನೋಡಿದಾಗ ಸೆಟ್ಟಿನ ನಿಜವಾದ ಕರಾಮತ್ತು ಕಾಣುತ್ತದೆ. ಹಿಂದೆ ನಮಗೆ ಪರವೂರಿನ ನೀರು ಒಗ್ಗುತ್ತಿರಲಿಲ್ಲ, ಹಸಿರು ಸೀರೆ ಒಪ್ಪುತ್ತಿರಲಿಲ್ಲ, ಓರಗಿತ್ತಿಯ ಜೊತೆ ಹೊಂದುತ್ತಿರಲಿಲ್ಲ, ಹಸುವಿನ ವ್ಯಾಪಾರ ಕುದುರುತ್ತಿರಲಿಲ್ಲ. ಈಗ ನೀರು, ಸೀರೆ, ಓರಗಿತ್ತಿ, ಹಸು ನಾಲ್ಕೂ ಸೆಟ್ ಆಗುವುದಿಲ್ಲ. ಶ್ರಮ ಉಳಿಯಿತು ಎನ್ನುವವರಿದ್ದಾರೆ. ಉಳಿದದ್ದು ಶ್ರಮವಲ್ಲ, ಮರ್ಯಾದೆ. ನೀರು ಒಗ್ಗಲಿಲ್ಲ ಎಂದರೆ ನಿಮ್ಮ ಹೊಟ್ಟೆಯ ಮೇಲೂ ಸ್ವಲ್ಪ ಅನುಮಾನ ಬರುತ್ತಿತ್ತು. ಓರಗಿತ್ತಿಯ ಜೊತೆ ಹೊಂದಲಿಲ್ಲ ಎಂದರೆ ಹೊಂದಿಕೊಳ್ಳಬೇಕಾದವರು ಯಾರು ಎಂದು ಅತ್ತೆ ಕೇಳುತ್ತಿದ್ದರು. 'ಸೆಟ್ ಆಗಲ್ಲ' ಎಂದರೆ ಯಾರನ್ನೂ ಕೇಳುವಂತಿಲ್ಲ. ತಪ್ಪಿಗೆ ವಾರಸುದಾರರೇ ಇಲ್ಲದಂತೆ ಮಾಡುವ ಇಂಥ ಶಬ್ದ ನಮ್ಮ ಕಚೇರಿ ಕನ್ನಡಕ್ಕೂ ಒದಗಿರಲಿಲ್ಲ. ಅಲ್ಲಿ 'ಕ್ರಮ ಜರುಗಿಸಲಾಗುವುದು' ಎಂದು ಅಷ್ಟುದ್ದ ಬರೆಯಬೇಕು.

ವಿವಾಹ ಪ್ರಕರಣದಲ್ಲಿ ಸೆಟ್, ಓಕೆ, ಫಿಕ್ಸ್ ಎಂಬ ಮೂರು ಪದಗಳನ್ನು ಸಮಾನಾರ್ಥಕವೆಂದು ತಿಳಿದು ಕೆಟ್ಟವರುಂಟು. ಹುಡುಗ ಹುಡುಗಿಯರ ನಡುವೆ ಆಗುವುದು ಸೆಟ್. ಆಗ ಮನೆಯವರಿಗೆ ತಿಳಿದಿರುವುದಿಲ್ಲ. ಮನೆಯವರಿಗೆ ತಿಳಿದು, ಜಾತಕ ಕೂಡಿಬಂದು ಆಗುವುದು ಓಕೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಮೇಲಷ್ಟೇ ಫಿಕ್ಸ್. ಆ ದುಡ್ಡು ವಾಪಸು ಬರುವುದಿಲ್ಲವಾದ್ದರಿಂದ ಮೂರರಲ್ಲಿ ಇದೇ ಗಟ್ಟಿ. ಈ ಮೂರರ ಕೆಲಸವನ್ನೂ ಮೊದಲು 'ಗೊತ್ತಾಯಿತು' ಎಂಬ ಒಂದೇ ಮಾತು ಮಾಡುತ್ತಿತ್ತು. ಮದುವೆ ಗೊತ್ತಾಯಿತೆಂದರೆ ನಿಶ್ಚಯವೂ ಆಯಿತು, ಊರಿಗೆಲ್ಲ ತಿಳಿದೂ ಹೋಯಿತು. ಮದುವೆಯ ನಂತರ ಗಂಡು ಸಂಬಳದ ಜೊತೆ ನ್ಯೂಜೆರ್ಸಿಗೆ ಹೋದರೆ ಅವನು ಸೆಟ್ಲ್. ಇದನ್ನು ಸೆಟ್, ಅಲ್ಲ ಎಂದು ಬಿಡಿಸಬೇಕು: ಇಲ್ಲಿ ಸೆಟ್ ಅಲ್ಲ, ಅಲ್ಲಿ.

ಕೊನೆಯದಾಗಿ ಆ ಎರಡು ಮನೆತನಗಳ ಪ್ರಶ್ನೆ. ಕೂರಿಸುವ ಸೆಟ್ಟನ್ನೂ ಗುಂಪಿನ ಸೆಟ್ಟನ್ನೂ ಎರಡೇ ಮಾತಿನಲ್ಲಿ ಒಟ್ಟಿಗೆ ತರಲು ಇಂಗ್ಲಿಷಿನ ಕೈಲಿ ಆಗಲಿಲ್ಲ. ನಮ್ಮ ಬೀದಿಯ ಹುಡುಗರು ಅದನ್ನು ಪ್ರತಿ ಭಾದ್ರಪದದಲ್ಲೂ ಸಾಧಿಸುತ್ತಾರೆ. ಚಂದಾ ಪುಸ್ತಕ ಹಿಡಿದು ಗೇಟಿಗೆ ಬಂದವರು ಹೇಳುವುದು: "ಅಂಕಲ್, ಗಣಪತಿ ಕೂರಿಸ್ತಿದೀವಿ." ಗಣವೂ ಸೆಟ್, ಕೂರಿಸುವುದೂ ಸೆಟ್. ಸಕಲ ಸೆಟ್ಟುಗಳ ಒಡೆಯನನ್ನು ಸೆಟ್ ಮಾಡುವ ಈ ಮಹಾಕಾರ್ಯಕ್ಕೆ ಮೈಕ್ ಸೆಟ್, ಪೆಂಡಾಲಿಗೆ ಸೀರಿಯಲ್ ಸೆಟ್, ಹಿಂದೆ ಥರ್ಮೋಕೋಲಿನ ಕೈಲಾಸದ ಸೆಟ್. ಸೂರ್ಯ ಮುಳುಗುವುದಕ್ಕೂ ಇಂಗ್ಲಿಷಿನಲ್ಲಿ ಸೆಟ್ ಎನ್ನುತ್ತಾರಲ್ಲ, ಕೂರುವುದೂ ಮುಳುಗುವುದೂ ಒಂದೇ ಆದೀತು ಹೇಗೆ ಎಂದು ಆಕ್ಷೇಪಿಸುವವರು ವಿಸರ್ಜನೆಯ ದಿನ ಕೆರೆಯ ಬಳಿ ಬಂದು ನೋಡಬಹುದು.

ಇಷ್ಟನ್ನೂ ಗೇಟಿನಲ್ಲೇ ನಿಲ್ಲಿಸಿಕೊಂಡು ವಿವರಿಸಿದೆವು. ಹುಡುಗರು ಅಡ್ಡಬಾಯಿ ಹಾಕದೆ ಕೇಳಿದರು. ಅವರಲ್ಲಿ ದೊಡ್ಡವನು ರಸೀದಿ ಪುಸ್ತಕ ಬಿಡಿಸಿ, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದು, "ಹಂಗಾದ್ರೆ ಐನೂರಕ್ಕೆ ಸೆಟ್ ಮಾಡ್ಬಿಡಿ ಅಂಕಲ್" ಎಂದ.

ಮುನ್ನೂರಕ್ಕೆ ಕುದುರಿತು.